ಬೆಳಿಗ್ಗೆ 38 ಸಾವಿರ, ಸಂಜೆ 61 ಸಾವಿರ: ಪ್ಲೇಟ್‌ಲೆಟ್ ಲೆಕ್ಕ ಯಾರದು ಸರಿ?

ಮಳೆಗಾಲ ಶುರುವಾದರೆ ಸಾಕು, ಲ್ಯಾಬ್‌ನಲ್ಲಿ ರಿಪೋರ್ಟಿಗೆ ಸಹಿ ಹಾಕುವ ನನಗೆ ಬರುವ ಪ್ರಶ್ನೆಗಳೆಲ್ಲ ಪ್ಲೇಟ್‌ಲೆಟ್ ಬಗ್ಗೆಯೇ, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣಗಳ ಬಗ್ಗೆ. ಡೆಂಗಿ ಎಂದರೇನು ಅಂತ ಇಲ್ಲಿ ಬರೆಯುವುದಿಲ್ಲ, ಅದು ಈಗ ಎಲ್ಲರ ಬಾಯಲ್ಲೂ ಇದೆ. ರಕ್ತ ಎಣಿಸುವ ಮಷೀನ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಜಗಳವೆಲ್ಲ ಹುಟ್ಟುವುದು ಅಲ್ಲಿಂದಲೇ.

ಪ್ರಶ್ನೆ: ಮಗನಿಗೆ 14 ವರ್ಷ, ಡೆಂಗಿ. ಐದನೇ ದಿನ ಬೆಳಿಗ್ಗೆ ಗದಗಿನಲ್ಲಿ ಪ್ಲೇಟ್‌ಲೆಟ್ 38 ಸಾವಿರ ಬಂತು. ಗಾಬರಿಯಾಗಿ ಹುಬ್ಬಳ್ಳಿಗೆ ಕರೆತಂದೆವು. ಸಂಜೆ ಇಲ್ಲಿ 61 ಸಾವಿರ. ಯಾವ ಲ್ಯಾಬ್‌ನವರು ಸುಳ್ಳು ಹೇಳಿದರು ಸರ್? (ಬೆಟಗೇರಿ)

ಉತ್ತರ: ಮೊದಲು ಲ್ಯಾಬ್‌ನವರನ್ನು ಬೈಯೋದು ನಿಲ್ಲಿಸಿ. ಮಷೀನ್‌ಗೆ ಪ್ಲೇಟ್‌ಲೆಟ್ ಯಾವುದು ಅಂತ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಗಾತ್ರ ಒಂದೇ. ಅಮೆರಿಕದ ವಾಲೇಸ್ ಕೋಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು, ನಮ್ಮ ಊರುಗಳ ಸಣ್ಣ ಲ್ಯಾಬ್‌ಗಳಲ್ಲಿ ಇವತ್ತಿಗೂ ನಡೆಯುವುದು ಇದೇ. ಒಂದು ಹನಿ ರಕ್ತವನ್ನು ಉಪ್ಪಿನ ದ್ರಾವಣದಲ್ಲಿ ತೆಳು ಮಾಡಿ, ಕೂದಲೆಳೆ ದಪ್ಪದ ತೂತಿನ ಮೂಲಕ ಎಳೆಯುತ್ತದೆ. ಆ ತೂತಿನಲ್ಲಿ ಕರೆಂಟ್ ಹರಿಯುತ್ತಿರುತ್ತದೆ. ಕಣ ಹಾದು ಹೋಗುವಾಗ ಕರೆಂಟಿಗೆ ಅಡ್ಡ ಬರುತ್ತದೆ. ದೊಡ್ಡ ಕಣವಾದರೆ ಜಾಸ್ತಿ ಅಡ್ಡ, ಸಣ್ಣದಾದರೆ ಕಡಿಮೆ. ಸುಮಾರು 2ರಿಂದ 20 ಫೆಮ್ಟೋಲೀಟರ್ (ಕಣಗಳ ಗಾತ್ರ ಹೇಳುವ ಅತಿ ಸಣ್ಣ ಅಳತೆ) ಒಳಗಿದ್ದರೆ ಪ್ಲೇಟ್‌ಲೆಟ್ ಅಂತ ಎಣಿಸುತ್ತದೆ, ಅದಕ್ಕಿಂತ ದೊಡ್ಡದಿದ್ದರೆ ಕೆಂಪು ಕಣ. ಸಾಣಿಗೆಗೆ ಕಡಲೆ ಯಾವುದು, ಕಲ್ಲು ಯಾವುದು ಅಂತ ಗೊತ್ತಾಗುತ್ತದೆಯೇ? ಇದೂ ಹಾಗೇ.

ಹಾಗಾಗಿ ಲೆಕ್ಕ ಎರಡೂ ಕಡೆ ತಪ್ಪಬಹುದು. ನೇರಳೆ ಮುಚ್ಚಳದ ಟ್ಯೂಬ್ ನೋಡಿರುತ್ತೀರಿ. ಅದರೊಳಗೆ ಇಡಿಟಿಎ ಅನ್ನುವ ರಾಸಾಯನಿಕ ಇರುತ್ತದೆ, ರಕ್ತ ಹೆಪ್ಪುಗಟ್ಟಬಾರದು ಅಂತ. ರಕ್ತ ತುಂಬಿದ ಕೂಡಲೇ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಗಡಿಬಿಡಿಯಲ್ಲಿ ಅದನ್ನು ಬಿಟ್ಟರೆ ತಳದಲ್ಲಿ ಎಳ್ಳುಕಾಳಿನಷ್ಟು ಹೆಪ್ಪು ಕೂರುತ್ತದೆ, ಪ್ಲೇಟ್‌ಲೆಟ್‌ಗಳು ಅದರಲ್ಲೇ ಸಿಕ್ಕಿಕೊಳ್ಳುತ್ತವೆ. ಮಷೀನ್ ಉಳಿದದ್ದನ್ನು ಮಾತ್ರ ಎಣಿಸುತ್ತದೆ. ಇನ್ನು ಕೆಲವರ ರಕ್ತದಲ್ಲಿ ಇಡಿಟಿಎ ಸೇರಿದರೇ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ, ಹೊತ್ತು ಹೋದಷ್ಟೂ ಜಾಸ್ತಿ. ಮುಂಡರಗಿಯಲ್ಲಿ ಬೆಳಿಗ್ಗೆ ತೆಗೆದ ರಕ್ತ ಗದಗಿಗೆ ಬಂದು ಮಷೀನ್ ಸೇರುವಷ್ಟರಲ್ಲಿ ಮಧ್ಯಾಹ್ನವಾದರೆ ಸಂಖ್ಯೆ ಇನ್ನೂ ಕುಸಿದಿರುತ್ತದೆ. ಅಂಥವರಿಗೆ ಇಡಿಟಿಎ ಬದಲು ಸಿಟ್ರೇಟ್ ದ್ರಾವಣ ಇರುವ ಟ್ಯೂಬ್‌ನಲ್ಲಿ ಮತ್ತೆ ರಕ್ತ ತೆಗೆಯುತ್ತೇವೆ. ಆ ದ್ರಾವಣ ಸೇರಿ ರಕ್ತ ಸ್ವಲ್ಪ ತೆಳುವಾಗುವುದರಿಂದ, ಬಂದ ಲೆಕ್ಕವನ್ನು 1.1ರಿಂದ ಗುಣಿಸುತ್ತೇವೆ.

ಇದರ ಉಲ್ಟಾ ಕೂಡ ಇದೆ. ಕಬ್ಬಿಣಾಂಶ ತೀರಾ ಕಡಿಮೆ ಇದ್ದರೆ ಕೆಂಪು ಕಣಗಳೇ ಕುಗ್ಗಿರುತ್ತವೆ. ಅವುಗಳಲ್ಲಿ ಕೆಲವು ಪ್ಲೇಟ್‌ಲೆಟ್ ಲೆಕ್ಕಕ್ಕೆ ಸೇರಿ ಸಂಖ್ಯೆ ಸುಮ್ನೆ ಏರುತ್ತದೆ. ರಿಪೋರ್ಟ್ ಕೆಳಗೆ ಪ್ಲೇಟ್‌ಲೆಟ್‌ನ ಗುಡ್ಡದಂಥ ಗೆರೆ ಅಚ್ಚಾಗಿದ್ದರೆ ನೋಡಿ. ಬಲಗಡೆ ಅದು ತಳಕ್ಕೆ ಇಳಿಯಬೇಕು. ಇಳಿಯದೆ ಮೇಲೇ ತೇಲುತ್ತಿದ್ದರೆ ಬೇರೇನೋ ಬೆರೆತಿದೆ.

ಹಾಗಾದರೆ ನಂಬೋದು ಯಾವುದನ್ನು? ಗಾಜಿನ ಸ್ಲೈಡ್ ಮೇಲೆ ರಕ್ತ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಕೊಟ್ಟ ರಿಪೋರ್ಟನ್ನು. ಎಣ್ಣೆ ಹಾಕಿ ನೋಡುವ 100ರ ಮಸೂರದ ಕೆಳಗೆ ಕಾಣುವ ಒಂದೊಂದು ಪ್ಲೇಟ್‌ಲೆಟ್‌ಗೆ ಸುಮಾರು 15 ಸಾವಿರ ಅಂತ ನಮ್ಮ ಲೆಕ್ಕ. ಒಂದು ನೋಟಕ್ಕೆ ಸರಾಸರಿ ನಾಲ್ಕು ಕಂಡರೆ ನಿಮ್ಮ 61 ಸಾವಿರ ನಿಜ. ರಕ್ತ ಸವರಿದ ಬಾಲದ ತುದಿಯಲ್ಲಿ ಗುಂಪುಗಳು ಕಂಡರೆ ಮಷೀನ್ ಹೇಳಿದ್ದನ್ನು ಮರೆತುಬಿಡಬೇಕು. ಒಂದು ಲಕ್ಷಕ್ಕಿಂತ ಕಡಿಮೆ ಬಂದ ಯಾವ ರಿಪೋರ್ಟಿಗೂ ನಾನು ಸ್ಲೈಡ್ ನೋಡದೆ ಸಹಿ ಹಾಕುವುದಿಲ್ಲ. ತಡವಾಯಿತು ಅಂತ ಕೌಂಟರಿನಲ್ಲಿ ಕೂಗಾಡಿದರೂ ಅಷ್ಟೇ. ಇನ್ನು 38 ಸಾವಿರ ಇದ್ದದ್ದು 42 ಸಾವಿರ ಆಯಿತು ಅಂತ ಖುಷಿಪಡುವವರಿಗೆ: ಅಷ್ಟು ಕೆಳಗಿನ ಲೆಕ್ಕದಲ್ಲಿ ಇವೆರಡೂ ಒಂದೇ.

ನಿಜ ಹೇಳಬೇಕೆಂದರೆ ನೀವು ನೋಡಬೇಕಾದ ಸಾಲೇ ಬೇರೆ. ಅದೇ ರಿಪೋರ್ಟಿನಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಅಂತ ಇರುತ್ತದೆ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ. ಅದು ಏರುತ್ತಿದ್ದರೆ ರಕ್ತದ ನೀರಿನಂಶ ನಾಳದಿಂದ ಹೊರಗೆ ಸೋರುತ್ತಿದೆ ಎಂದರ್ಥ. ಡೆಂಗಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಈ ಸೋರಿಕೆಯೇ. ಅದೂ ಜ್ವರ ಬಿಟ್ಟ ಮೇಲೆ, ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಮೂಗಿನಲ್ಲಿ ರಕ್ತ, ಮಂಕು, ಚಡಪಡಿಕೆ ಕಂಡರೆ ಮೂರನೇ ಲ್ಯಾಬ್ ಹುಡುಕಬೇಡಿ, ನೇರ ಆಸ್ಪತ್ರೆಗೆ ಹೋಗಿ. 40 ಸಾವಿರಕ್ಕೇ ಪ್ಲೇಟ್‌ಲೆಟ್ ಹಾಕಿ ಅಂತ ಡಾಕ್ಟರ ಬೆನ್ನು ಬೀಳಬೇಡಿ. ರಕ್ತಸ್ರಾವವಿಲ್ಲದಿದ್ದರೆ ಸಾಮಾನ್ಯವಾಗಿ 10 ಸಾವಿರದ ಕೆಳಗಿಳಿದಾಗ ಮಾತ್ರ ಆ ಯೋಚನೆ.

ಪ್ರಶ್ನೆ: ಪಪ್ಪಾಯಿ ಎಲೆ ರಸ, ಮೇಕೆ ಹಾಲು, ಕಿವಿ ಹಣ್ಣು, ಯಾವುದು ಒಳ್ಳೆಯದು? (ರಾಣೆಬೆನ್ನೂರು)

ಉತ್ತರ: ಒಂದು ವಾರದ ಹೊತ್ತಿಗೆ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಹೆಸರು ಮಾತ್ರ ಕೊನೆಗೆ ಕುಡಿಸಿದ್ದಕ್ಕೆ. ಮೊದಲೇ ವಾಂತಿಯಲ್ಲಿರುವ ಮಗುವಿಗೆ ಆ ಕಹಿ ರಸ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಓಆರ್‌ಎಸ್, ಗಂಜಿ ಕುಡಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ.

ಪ್ರಶ್ನೆ: ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಬರೀ 165 ಅಂತಿದೆ! (ಧಾರವಾಡ)

ಉತ್ತರ: 165 ಸಾವಿರ. ಪಕ್ಕದಲ್ಲಿರುವ ಅಳತೆ ಓದಿ, ಆಮೇಲೆ ಅಳಿ.

ಪ್ರಶ್ನೆ: ಕೈಯಲ್ಲಿ ಕಡ್ಡಿ ಹಿಡಿಸಿ, ಸೂಜಿ ಚುಚ್ಚದೆ, ಒಂದೇ ನಿಮಿಷದಲ್ಲಿ ರಕ್ತದ ಪೂರ್ತಿ ರಿಪೋರ್ಟ್ ಕೊಡುವ ಕ್ಯಾಂಪ್ ಬಂದಿದೆ, ಹೋಗಬಹುದಾ? (ಹಾವೇರಿ)

ಉತ್ತರ: ಒಂದು ಒದ್ದೆ ಟವೆಲ್ ಸುತ್ತಿಕೊಂಡು ಹೋಗಿ, ಆ ಕಡ್ಡಿಯನ್ನು ಅದಕ್ಕೆ ಹಿಡಿಸಿ. ಟವೆಲ್ಲಿಗೂ ರಿಪೋರ್ಟ್ ಬರುತ್ತದೆ.

ಪ್ರಶ್ನೆ: ನಮ್ಮ ಓಣಿಗೆ ನೀರು ಬರೋದೇ ವಾರಕ್ಕೊಮ್ಮೆ. ತುಂಬಿಡದೆ ಗತಿಯಿಲ್ಲ. ಸೊಳ್ಳೆಗೆ ಏನು ಮಾಡೋದು? (ಹಳೇ ಹುಬ್ಬಳ್ಳಿ)

ಉತ್ತರ: ಇದು ನನ್ನ ವಿಷಯವಲ್ಲ, ಆದರೂ ಇಷ್ಟರಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ. ಬ್ಯಾರಲ್‌ಗೆ ಬಿಗಿಯಾಗಿ ಬಟ್ಟೆ ಕಟ್ಟಿ. ನೀರು ಬರುವ ದಿನ ಒಳಗಿನ ಗೋಡೆಯನ್ನು ಬ್ರಷ್ ಹಾಕಿ ಉಜ್ಜಿ, ಆಮೇಲೆ ತುಂಬಿ. ಈ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಅವು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಬರೀ ನೀರು ಚೆಲ್ಲಿದರೆ ಸಾಲದು.