ಹೊಟ್ಟೆ ತುಂಬಿತು, ಮೈ ಹಿಡಿಯಲಿಲ್ಲ

ಹಿರಿಯೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: 'ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದರೆ ಗಿಡಗಳಿಗೆ ಊಟ ಜಾಸ್ತಿ, ಬರವನ್ನೂ ತಡೆಯುತ್ತವಂತೆ. ನಮ್ಮ ಗೋಮಾಳಕ್ಕೆ ಒಳ್ಳೆಯದೇ ಅಲ್ವಾ? ನೀವು ಸುಮ್ನೆ ಹೆದರಿಸುತ್ತೀರಿ.'

ಹೆದರಿಸುವುದು ನನ್ನ ಹಳೇ ಚಾಳಿ, ಒಪ್ಪಿದೆ. ನಿಮ್ಮ ಮಾತಿನಲ್ಲೂ ಅರ್ಧ ನಿಜವಿದೆ. ಅಮೆರಿಕದ ವ್ಯೋಮಿಂಗ್‌ನ ಒಣ ಹುಲ್ಲುಗಾವಲಿನಲ್ಲಿ 2006ರಿಂದ ಕೆಲವು ವರ್ಷ ಬಯಲಲ್ಲೇ ಈ ಅನಿಲ ಬಿಟ್ಟು 600 ಪಿಪಿಎಂವರೆಗೆ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 600 ಭಾಗದವರೆಗೆ, ಏರಿಸಿ ನೋಡಿದರು. ಈಗ ನಾವು ಉಸಿರಾಡುವ ಗಾಳಿಯಲ್ಲಿ 420ರ ಮೇಲಿದೆ. ನೀರು ಆವಿಯಾಗಿ ಹೋಗುವ ಎಲೆಯ ರಂಧ್ರಗಳು ಕಿರಿದಾದವು, ಮಣ್ಣಿನಲ್ಲಿ ಪಸೆ ಉಳಿಯಿತು. ಕಾವು ಏರಿಸಿದರೂ ಬೇಸಿಗೆ ಹುಲ್ಲು ಚೆನ್ನಾಗಿಯೇ ಬಂತು. ಇಷ್ಟು ನಿಮಗೆ ಬಿಟ್ಟುಕೊಟ್ಟೆ.

ಆದರೆ ಅದೇ ಹುಲ್ಲನ್ನು ಪರೀಕ್ಷಿಸಿದಾಗ ಮೇವಿನ ಗುಣ ಇಳಿದಿತ್ತು. ನೀರು ಬೆರೆಸಿದ ಹಾಲಿನ ಹಾಗೆ. ದನದ ಹೊಟ್ಟೆ ತುಂಬುತ್ತದೆ, ಮೈ ಹಿಡಿಯುವುದಿಲ್ಲ. ಇನ್ನು ಮಳೆಯೇ ಬೀಳದ ವರ್ಷ ಉಳಿಸಲು ನೀರಾದರೂ ಎಲ್ಲಿ?

ನಮ್ಮೂರಿಗೇ ಬನ್ನಿ. ಬಯಲುಸೀಮೆಯ ಹುಲ್ಲುಗಳು ಬಹುಪಾಲು ಸಿ4 ಗುಂಪಿನವು, ಜೋಳ, ರಾಗಿಯ ನೆಂಟರು. ಈ ಅನಿಲವನ್ನು ಎಲೆಯೊಳಗೇ ಕೂಡಿಟ್ಟುಕೊಳ್ಳುವ ಜಾಣರು. ಹೊರಗೆ ಜಾಸ್ತಿಯಾದರೆ ಅವಕ್ಕೆ ನೇರ ಲಾಭ ಕಡಿಮೆ, ನೀರಿನ ಉಳಿತಾಯವೇ ಮುಖ್ಯ. ಹುಲ್ಲಿನ ಜಾಗಕ್ಕೆ ನುಗ್ಗುವ ಮುಳ್ಳುಗಿಡ ಬಳ್ಳಾರಿ ಜಾಲಿ ಹಾಗಲ್ಲ. ಅದು ಹಾಗೆ ಕೂಡಿಡಲು ಬಾರದ ಸಿ3 ಗುಂಪಿನದು, ಗಾಳಿಯ ಊಟ ಅದಕ್ಕೇ ಹೆಚ್ಚು ಒಗ್ಗುತ್ತದೆ. ಹುಲ್ಲು ಉಳಿಸಿದ ನೀರು ಕೆಳಗಿಳಿದರೆ ಅದರ ಆಳದ ಬೇರು ಕಾದು ಕೂತಿರುತ್ತದೆ. ಚಳ್ಳಕೆರೆ ಬಳಿ ಕುರಿಗಾಹಿಯೊಬ್ಬರು ಒಣಗಿದ ಹಿಕ್ಕೆಯೊಂದನ್ನು ಉಗುರಲ್ಲಿ ಒಡೆದು ತೋರಿಸಿದರು. ಒಳಗೆ ಜಾಲಿ ಬೀಜ, ಗಟ್ಟಿಮುಟ್ಟಾಗಿ. 'ನಾವೇ ಬಿತ್ಕೊಂಡು ಹೋಗ್ತೀವಿ ಸ್ವಾಮಿ' ಅಂದರು.

ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ ದನ ಸಾಕುವ ಇಲಾಖೆಯಾದ ಬೆಣ್ಣೆ ಚಾವಡಿಗೂ, ಟಿಪ್ಪು ಅದಕ್ಕಿಟ್ಟ ಅಮೃತ್ ಮಹಲ್ ಎಂಬ ಹೆಸರಿಗೂ ಬಂಡವಾಳ ಕಾವಲಿನ, ಅಂದರೆ ಮೇವಿಗೆ ಮೀಸಲಿಟ್ಟ ಬಯಲಿನ, ಹುಲ್ಲೇ. ಈಗ ಹುಲ್ಲು ಕಂಡರೆ ನಮ್ಮವರ ಕಣ್ಣಿಗೆ ಖಾಲಿ ಜಾಗ. ಸಸಿ ನೆಡುವ ಕಾರ್ಯಕ್ರಮಕ್ಕೂ ಅಲ್ಲೇ ಗುಂಡಿ ತೋಡುತ್ತಾರೆ. ಹೋದ ವರ್ಷ ನನ್ನನ್ನೂ ಕರೆದಿದ್ದರು. ಶಾಲು ಹೊದೆಸಿಕೊಂಡು, ಒಂದು ಗುಂಡಿಗೆ ನೀರು ಹಾಕಿ, ಫೋಟೋಕ್ಕೆ ನಿಂತು ಬಂದೆ. ಈಗ ಹೇಳಿಕೊಳ್ಳಲು ನಾಚಿಕೆ.

ಈ ಮಳೆಗಾಲ ಮುಗಿದ ಮೇಲೆ ನಿಮ್ಮ ಗೋಮಾಳದಲ್ಲಿ ಒಂದು ಸುತ್ತು ನಡೆದು ಬನ್ನಿ. ಪಂಚೆಗೆ ಹುಲ್ಲಿನ ಊಬು ಹತ್ತಿತೋ, ಜಾಲಿ ಮುಳ್ಳು ಹರಿಯಿತೋ, ಬರೆಯಿರಿ. ಅಚ್ಚು ಹಾಕುತ್ತೇನೆ.