‘ಆಗುವುದಿಲ್ಲ’ ಎಂಬ ಮಾತನ್ನು ಕಾಗದದಲ್ಲಿ ಕೇಳಿ

ಈ ಸಂಚಿಕೆಯ ಪ್ರಶ್ನೋತ್ತರಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇರಳದ ಅಂಗವಿಕಲರ ಪಿಂಚಣಿಯನ್ನು ಕುರಿತವು. ಆದ್ದರಿಂದ ಈ ಬಾರಿಯ ಪುಟಗಳನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರು, ಊರು ಮತ್ತು ಅವರು ದೂರಿದ ಕಚೇರಿಗಳ ಹೆಸರನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ತಂದೆಗೆ 58 ವರ್ಷ. ಅಡಿಕೆ ಕೊಯ್ಯಲು ಮರ ಹತ್ತುತ್ತಿದ್ದರು. ನಾಲ್ಕು ವರ್ಷಗಳ ಹಿಂದೆ ಮರದಿಂದ ಬಿದ್ದು ಬಲಗಾಲು ಊನವಾಯಿತು. ಚಿಕ್ಕಂದಿನಲ್ಲೇ ಅವರ ಎಡಗಣ್ಣಿನ ದೃಷ್ಟಿ ಪೂರ್ತಿಯಾಗಿ ಹೋಗಿದೆ. ವೈದ್ಯಕೀಯ ಮಂಡಳಿಯವರು ಕಾಲಿಗೆ ಶೇ. 36 ಎಂದು ಬರೆದುಕೊಟ್ಟರು. ಶೇ. 40 ಇಲ್ಲದ ಕಾರಣ ಪಿಂಚಣಿ ಆಗುವುದಿಲ್ಲ ಎಂದು ಪಂಚಾಯತಿನಲ್ಲಿ ಹೇಳಿದರು. ಇನ್ನೇನಾದರೂ ದಾರಿ ಇದೆಯೇ? (ಕಾಸರಗೋಡು ತಾಲೂಕಿನ ಓದುಗರು)

ಉತ್ತರ: ದಾರಿ ಇದೆ. ಆದರೆ ಅದು ಪಂಚಾಯತಿನ ಬಾಗಿಲಲ್ಲಿಲ್ಲ. ನಿಮ್ಮ ತಂದೆಯವರ ಅರ್ಜಿಯನ್ನು ತಡೆದದ್ದು ವೈದ್ಯಕೀಯ ಮಂಡಳಿ ಬರೆದ ಅಂಕೆ. ಪಂಚಾಯತಿನವರು ಅದನ್ನು ಓದಿ ಹೇಳಿದ್ದಾರೆ, ಅಷ್ಟೇ. ಆ ಅಂಕೆ ಬದಲಾಗದ ಹೊರತು ಅಲ್ಲಿ ಎಷ್ಟು ವಾದಿಸಿದರೂ ಫಲವಿಲ್ಲ. ಇಂಥ ಸಂದರ್ಭಗಳಲ್ಲಿ ನಮ್ಮವರು ಆರಾರು ತಿಂಗಳು ತಪ್ಪು ಬಾಗಿಲನ್ನು ತಟ್ಟುತ್ತ ನಿಲ್ಲುವುದನ್ನು ಕಂಡಿದ್ದೇನೆ. ಅಷ್ಟರಲ್ಲಿ ಮೇಲ್ಮನವಿಯ ಅವಧಿ ಕಳೆದುಹೋಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಗಮನವನ್ನು ಹಿಡಿದು ನಿಲ್ಲಿಸಿದ್ದು ಎಡಗಣ್ಣಿನ ಮಾತು. ಪ್ರಮಾಣಪತ್ರದಲ್ಲಿ ಕಾಲಿನ ಉಲ್ಲೇಖ ಮಾತ್ರ ಇದೆ ಎಂದರೆ, ಅಂದು ಕಣ್ಣಿನ ಪರೀಕ್ಷೆ ನಡೆದೇ ಇಲ್ಲವೆಂದು ತೋರುತ್ತದೆ. ಕೇಂದ್ರ ಸರಕಾರದ ಅಂಗವೈಕಲ್ಯ ಮಾಪನದ ಮಾರ್ಗಸೂಚಿಯು, ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಪೂರ್ತಿ ಹೋದವರಿಗೆ ಶೇ. 30 ಎಂದು ಲೆಕ್ಕ ಹಾಕಿದೆ. ಎರಡು ಬಗೆಯ ಊನ ಇರುವವರಿಗೆ ಎರಡೂ ಅಂಕೆಗಳನ್ನು ನೇರವಾಗಿ ಕೂಡಿಸುವುದಿಲ್ಲ, ಅದಕ್ಕೊಂದು ಸೂತ್ರವಿದೆ. ದೊಡ್ಡ ಅಂಕೆಯನ್ನು 90ರಿಂದ ಕಳೆಯಬೇಕು, ಉಳಿದದ್ದನ್ನು ಚಿಕ್ಕ ಅಂಕೆಯಿಂದ ಗುಣಿಸಿ 90ರಿಂದ ಭಾಗಿಸಬೇಕು, ಬಂದ ಫಲವನ್ನು ದೊಡ್ಡ ಅಂಕೆಗೆ ಕೂಡಿಸಬೇಕು. ನಿಮ್ಮ ತಂದೆಯವರ ವಿಷಯದಲ್ಲಿ 90ರಿಂದ 36 ಕಳೆದರೆ 54; ಅದನ್ನು 30ರಿಂದ ಗುಣಿಸಿ 90ರಿಂದ ಭಾಗಿಸಿದರೆ 18; ಅದಕ್ಕೆ 36 ಕೂಡಿಸಿದರೆ 54. ಕಣ್ಣನ್ನೂ ಸೇರಿಸಿ ಅಳೆಯಬೇಕೆಂದು ಲಿಖಿತವಾಗಿ ಕೇಳಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ನೇತ್ರತಜ್ಞರ ಪರೀಕ್ಷಾ ವರದಿಯನ್ನು ಅರ್ಜಿಯ ಜೊತೆಗೇ ಇಡಿ.

ಕಾನೂನಿನ ಆಧಾರವನ್ನೂ ತಿಳಿದಿರಿ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ, 2016ರ 59ನೇ ಕಲಮಿನ ಪ್ರಕಾರ, ಪ್ರಮಾಣಪತ್ರ ಕೊಡುವ ಅಧಿಕಾರಿಯ ತೀರ್ಮಾನವು ಸರಿಯಿಲ್ಲ ಎಂದು ಕಂಡವರು ರಾಜ್ಯ ಸರಕಾರ ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಆ ಪ್ರಾಧಿಕಾರದ ವಿಳಾಸವನ್ನು ಮಂಡಳಿಯ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ. ಪ್ರಮಾಣಪತ್ರ ಕೈಗೆ ಬಂದ ದಿನದಿಂದ ಮೂವತ್ತು ದಿನಗಳ ಒಳಗೆ ಮನವಿ ಕೊಡುವುದನ್ನು ಅಭ್ಯಾಸ ಮಾಡಿಕೊಂಡರೆ ತೊಂದರೆ ಬರುವುದಿಲ್ಲ. ನಿಮ್ಮ ವಿಷಯದಲ್ಲಿ ಆ ಅವಧಿ ದಾಟಿದ್ದರೆ, ಕಣ್ಣು ಮತ್ತು ಕಾಲು ಎರಡನ್ನೂ ನಮೂದಿಸಿ ಮರುಪರೀಕ್ಷೆಗೆ ಹೊಸ ಅರ್ಜಿ ಹಾಕಿ. ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಅರ್ಜಿಯನ್ನು ಅಕ್ಷಯ ಕೇಂದ್ರದಲ್ಲಿ (ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ತುಂಬಿಸುವ ಕೇಂದ್ರ) ತುಂಬಿಸುವಾಗ ಎರಡೂ ಊನಗಳನ್ನು ಗುರುತಿಸಿದ್ದಾರೆಯೇ ಎಂದು ಸ್ವತಃ ನೋಡಿಕೊಳ್ಳಿ.

ಇನ್ನೊಂದು ಮಾತನ್ನು ನಿಮ್ಮ ತಂದೆಯವರಿಗೆ ಹೇಳಿ. ಡಾಕ್ಟರರು “ಹೇಗಿದೆ?” ಎಂದು ಕೇಳಿದರೆ, ಮೈಮುರಿದು ದುಡಿದ ಗಂಡಸರು “ಪರವಾಗಿಲ್ಲ, ನಡೆಯುತ್ತೇನೆ” ಎನ್ನುತ್ತಾರೆ. ಅದು ಅವರ ಸ್ವಾಭಿಮಾನ. ಆದರೆ ಪರೀಕ್ಷೆಯ ಕೋಣೆಯಲ್ಲಿ ಆ ಮಾತು ಅವರ ವಿರುದ್ಧವೇ ದಾಖಲಾಗುತ್ತದೆ. ಮಂಡಳಿ ಅಳೆಯುವುದು ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿನಲ್ಲಿ ಎಷ್ಟು ಬಲವಿದೆ, ಒಂಟಿಕಾಲಿನಲ್ಲಿ ನಿಲ್ಲಲು ಆಗುತ್ತದೆಯೇ ಎಂಬುದನ್ನು. ಮರ ಹತ್ತುವ ಕಸುಬು ಹೋದ ನಷ್ಟ ಆ ಅಂಕೆಯಲ್ಲಿ ಸೇರುವುದಿಲ್ಲ. ಇದು ನನಗೆ ಇಂದಿಗೂ ಅನ್ಯಾಯವೆಂದೇ ಕಾಣುತ್ತದೆ. ಆದರೂ ಮಾಪನ ಹಾಗಿರುವಾಗ, ಕೀಲು ನೋಯುವಲ್ಲಿ ನೋಯುತ್ತದೆ ಎಂದೂ, ಕುಳಿತರೆ ಏಳಲಾಗದಿದ್ದರೆ ಏಳಲಾಗುವುದಿಲ್ಲ ಎಂದೂ ಇದ್ದದ್ದನ್ನು ಇದ್ದಂತೆ ಹೇಳಬೇಕು. ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ಮತ್ತು ಫಿಸಿಯೋಥೆರಪಿಯ ಚೀಟಿಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿ ಒಯ್ಯಿರಿ.

ಪ್ರಶ್ನೆ: ನನ್ನ ತಂಗಿಗೆ 24 ವರ್ಷ, ಬೌದ್ಧಿಕ ಬೆಳವಣಿಗೆ ಕಡಿಮೆ. ಶೇ. 60ರ ಪ್ರಮಾಣಪತ್ರ ಇದೆ. ಎರಡು ಸಲ ಪಿಂಚಣಿಗೆ ಅರ್ಜಿ ಹಾಕಿದೆವು. ಮೊದಲ ಸಲ ಫಾರಂ ಮಲಯಾಳದಲ್ಲಿ ಇದ್ದುದರಿಂದ ನಮಗೆ ಓದಲು ಬರಲಿಲ್ಲ. ತೋರಿಸಿದಲ್ಲಿ ಅಮ್ಮ ಸಹಿ ಹಾಕಿದರು. ಎರಡನೆಯ ಸಲ “ನಿಮ್ಮ ವರಮಾನ ಹೆಚ್ಚು” ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರು. ನಾವು ಬೀಡಿ ಕಟ್ಟಿ ಬದುಕುವವರು. (ಮಂಜೇಶ್ವರ ತಾಲೂಕಿನ ಓದುಗರು)

ಉತ್ತರ: ಬಾಯಿಮಾತಿನ ನಿರಾಕರಣೆಯ ಮೇಲೆ ಮೇಲ್ಮನವಿ ಸಲ್ಲಿಸಲು ಆಗುವುದಿಲ್ಲ. ಅದಕ್ಕೆ ತಾರೀಕಿಲ್ಲ, ಕಾರಣವಿಲ್ಲ, ಸಹಿಯಿಲ್ಲ. ನಾಳೆ ಯಾರಾದರೂ ಕೇಳಿದರೆ ಅರ್ಜಿಯೇ ಬಂದಿಲ್ಲ ಎಂಬ ಉತ್ತರವೂ ಬರಬಹುದು. ಆದ್ದರಿಂದ ಪಂಚಾಯತ್ ಕಾರ್ಯದರ್ಶಿಗೆ ಒಂದು ಪತ್ರ ಬರೆಯಿರಿ: ಇಂಥ ದಿನ ಕೊಟ್ಟ ಅರ್ಜಿಯ ಮೇಲೆ ಯಾವ ತೀರ್ಮಾನವಾಗಿದೆ, ತಿರಸ್ಕರಿಸಿದ್ದರೆ ಯಾವ ಕಾರಣಕ್ಕೆ ಎಂಬುದನ್ನು ಲಿಖಿತವಾಗಿ ಕೊಡಬೇಕು ಎಂದು. ಪತ್ರವನ್ನು ಕೊಟ್ಟು ರಶೀದಿ ಪಡೆಯಿರಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಅದಕ್ಕೂ ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಕಡತದ ಟಿಪ್ಪಣಿಯ ನಕಲನ್ನೇ ಕೇಳಿ. ಮೂವತ್ತು ದಿನಗಳೊಳಗೆ ಅವರು ಉತ್ತರ ಕೊಡಬೇಕು. ಕೇರಳದಲ್ಲಿ ಸೇವಾ ಹಕ್ಕು ಕಾಯಿದೆಯೂ ಇದೆ. ಅದರಡಿ ಸೂಚಿಸಲಾದ ಸೇವೆ ನಿಗದಿತ ದಿನಗಳಲ್ಲಿ ಸಿಗದಿದ್ದರೆ ಅಥವಾ ನಿರಾಕರಿಸಲ್ಪಟ್ಟರೆ ಮೇಲ್ಮನವಿಗೆ ಅವಕಾಶವಿದೆ.

ವರಮಾನದ ವಿಚಾರಕ್ಕೆ ಬರೋಣ. ಕೇರಳದಲ್ಲಿ ಈ ಪಿಂಚಣಿಗೆ ಕುಟುಂಬದ ವಾರ್ಷಿಕ ವರಮಾನ ಒಂದು ಲಕ್ಷ ರೂಪಾಯಿಯನ್ನು ದಾಟಬಾರದು. ಬೀಡಿ ಕಟ್ಟುವ ಮನೆಯ ವರಮಾನ ಅದಕ್ಕಿಂತ ಹೆಚ್ಚು ಎಂದು ಯಾರು, ಯಾವ ಕಾಗದದಲ್ಲಿ ಬರೆದರು ಎಂಬುದನ್ನು ಮೊದಲು ಪತ್ತೆಹಚ್ಚಿ. ರೇಷನ್ ಕಾರ್ಡಿನಲ್ಲಿ ಹಿಂದೆಂದೋ ಬರೆಸಿದ ಅಂಕೆ ಇರಬಹುದು, ಮದುವೆಯಾಗಿ ಬೇರೆ ಮನೆ ಮಾಡಿದ ಅಣ್ಣನ ಹೆಸರು ಇನ್ನೂ ಕಾರ್ಡಿನಲ್ಲಿ ಉಳಿದಿರಬಹುದು. ಗ್ರಾಮ ಕಚೇರಿಯಿಂದ ಹೊಸ ವರಮಾನ ಪ್ರಮಾಣಪತ್ರ ತೆಗೆಸಿ, ಕಾರ್ಡನ್ನು ತಿದ್ದಿಸಿ, ಆಮೇಲೆ ಮೂರನೆಯ ಸಲ ಅರ್ಜಿ ಹಾಕಿ. ಹಳೆಯ ತಪ್ಪು ಉಳಿದಿರುವಾಗ ಹೊಸ ಅರ್ಜಿ ಹಾಕಿದರೆ ಅದೇ ಉತ್ತರ ಮತ್ತೆ ಬರುತ್ತದೆ.

ಭಾಷೆಯ ಪ್ರಶ್ನೆಯನ್ನು ಸಣ್ಣದೆಂದು ಬಿಡಬೇಡಿ. ಯಾವುದೇ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕನ್ನಡದಲ್ಲಿ ಬರೆದ ಮನವಿಯನ್ನು ಭಾಷೆಯ ಕಾರಣಕ್ಕೆ ಹಿಂತಿರುಗಿಸುವಂತಿಲ್ಲ. ಆದರೂ ನನ್ನ ಸಲಹೆ ಇದು: ಮನವಿ ಕನ್ನಡದಲ್ಲೇ ಇರಲಿ, ಅದರ ಸಾರವನ್ನು ಒಂದು ಪುಟದಷ್ಟು ಮಲಯಾಳದಲ್ಲಿ ಬರೆಸಿ ಜೊತೆಗೆ ಇಡಿ. ಹಕ್ಕು ನಮ್ಮದೇ; ಆದರೆ ಕಡತ ಅನುವಾದಕ್ಕಾಗಿ ಕಾಯುತ್ತ ಮೇಜಿನ ಮೇಲೆ ಕೂರುವಷ್ಟು ದಿನ ನಿಮ್ಮ ತಂಗಿಗೆ ಹಣ ಬರುವುದಿಲ್ಲ. ಅಮ್ಮನಿಗೆ ಮಾತ್ರ ಖಡಾಖಂಡಿತವಾಗಿ ಹೇಳಿ, ಓದಿ ಹೇಳಿಸಿಕೊಳ್ಳದೆ ಎಲ್ಲಿಯೂ ಸಹಿ ಹಾಕಬಾರದು.

ಇಷ್ಟಾದರೂ ಕೆಲಸವಾಗದಿದ್ದರೆ ತಿರುವನಂತಪುರದಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು. ಆಯುಕ್ತರು ಒಂದು ಶಿಫಾರಸು ಮಾಡಿದರೆ ಸಂಬಂಧಪಟ್ಟ ಕಚೇರಿ ಮೂರು ತಿಂಗಳೊಳಗೆ ಕ್ರಮ ಕೈಗೊಂಡು ತಿಳಿಸಬೇಕು. ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂಬುದನ್ನು ಅವರಿಗೂ ನಿಮಗೂ ತಿಳಿಸಬೇಕು. 2016ರ ಕಾಯಿದೆಯ 81ನೇ ಕಲಮು ಹೇಳುವುದು ಇದನ್ನೇ. ವಕೀಲರ ನೆರವು ಬೇಕಾದರೆ ಕಾಸರಗೋಡಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಿ. ಅಂಗವಿಕಲರಿಗೆ ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ. ಮದುವೆಯಾಗಿ ಇಲ್ಲಿಗೆ ಬಂದೆ. ನನ್ನ ಅಂಗವೈಕಲ್ಯ ಪ್ರಮಾಣಪತ್ರ ಕರ್ನಾಟಕದ್ದು. ಅದು ಕೇರಳದಲ್ಲಿ ನಡೆಯುವುದಿಲ್ಲ ಎನ್ನುತ್ತಾರೆ. ಹೌದೇ?

ಉತ್ತರ: ಅಲ್ಲ. ಕಾಯಿದೆಯ 58ನೇ ಕಲಮಿನಂತೆ ಕೊಟ್ಟ ಪ್ರಮಾಣಪತ್ರ ಇಡೀ ದೇಶದಲ್ಲಿ ಊರ್ಜಿತ. ಪಿಂಚಣಿ ಮಾತ್ರ ನೀವು ಈಗ ವಾಸವಿರುವ ರಾಜ್ಯದ್ದು. ಆದ್ದರಿಂದ ಆಧಾರ್ ಮತ್ತು ರೇಷನ್ ಕಾರ್ಡಿನ ವಿಳಾಸವನ್ನು ಇಲ್ಲಿಗೆ ಬದಲಾಯಿಸಿ, ಕರ್ನಾಟಕದಲ್ಲಿ ಪಿಂಚಣಿ ಬರುತ್ತಿದ್ದರೆ ಅದನ್ನು ನಿಲ್ಲಿಸಿ, ಆಮೇಲೆ ಇಲ್ಲಿ ಅರ್ಜಿ ಕೊಡಿ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಹುಟ್ಟಿದಂದಿನಿಂದ ಮಲಗಿದಲ್ಲೇ ಇದ್ದಾನೆ, ಮಾತಿಲ್ಲ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದವರ ಪಟ್ಟಿಯಲ್ಲಿ ಅವನ ಹೆಸರಿದೆ. ಮೂರು ತಿಂಗಳಿಂದ ಪಿಂಚಣಿ ನಿಂತಿದೆ. ಅವನಿಗೆ ವಯಸ್ಸಾಯಿತು, ನೀವು ಸಹಿ ಹಾಕಿದರೆ ನಡೆಯುವುದಿಲ್ಲ ಎಂದು ಬ್ಯಾಂಕಿನವರೂ ಹೇಳುತ್ತಿದ್ದಾರೆ. ನಾನೊಬ್ಬಳೇ ನೋಡಿಕೊಳ್ಳುತ್ತಿರುವುದು. (ಒಬ್ಬ ತಾಯಿ)

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪಿಂಚಣಿ ನಿಂತದ್ದಕ್ಕೆ ಬಹುಶಃ ಮಸ್ಟರಿಂಗ್ ಕಾರಣ. ಫಲಾನುಭವಿ ಬದುಕಿದ್ದಾರೆಂದು ಬೆರಳಚ್ಚಿನಿಂದ ವರ್ಷಕ್ಕೊಮ್ಮೆ ದೃಢಪಡಿಸಬೇಕು. ಹಾಸಿಗೆ ಹಿಡಿದವರನ್ನು ಎತ್ತಿಕೊಂಡು ಕೇಂದ್ರಕ್ಕೆ ಹೋಗಬೇಕಾಗಿಲ್ಲ. ವಾರ್ಡ್ ಸದಸ್ಯರಿಗೋ ಪಂಚಾಯತಿಗೋ ತಿಳಿಸಿದರೆ ಅಕ್ಷಯ ಕೇಂದ್ರದವರು ಮನೆಗೆ ಬರಬೇಕು. ಕೈ ಮಡಚಿಕೊಂಡೇ ಇರುವ ಮಕ್ಕಳ ಬೆರಳಚ್ಚನ್ನು ಯಂತ್ರ ಒಪ್ಪದಿರುವುದುಂಟು. ಆಗ ಮಗ ಜೀವಂತವಿದ್ದಾನೆ ಎಂಬ ಪ್ರಮಾಣಪತ್ರವನ್ನು ಪಂಚಾಯತಿಗೆ ಸಲ್ಲಿಸಬಹುದು. ನಿಂತ ತಿಂಗಳುಗಳ ಬಾಕಿಯನ್ನೂ ಅದೇ ಪತ್ರದಲ್ಲಿ ಕೇಳಿ.

ಬ್ಯಾಂಕಿನವರ ಮಾತು ಒರಟಾಗಿದ್ದರೂ ತಪ್ಪಲ್ಲ. ಹದಿನೆಂಟು ತುಂಬಿದ ಮೇಲೆ ಹೆತ್ತ ತಾಯಿಯೂ ಕಾನೂನಿನ ಕಣ್ಣಿನಲ್ಲಿ ತಾನಾಗಿಯೇ ಪೋಷಕಿ ಆಗುವುದಿಲ್ಲ. ಇದಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಪರಿಹಾರವಿದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಅಸಾಮರ್ಥ್ಯ ಅಥವಾ ಬಹುವಿಧ ಊನ ಇರುವವರಿಗೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಯು ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ವಿದ್ಯಾನಗರದ ಸಿವಿಲ್ ಸ್ಟೇಷನ್‌ನಲ್ಲಿ ವಿಚಾರಿಸಿ, ಅರ್ಜಿ ಕೊಡಿ. ನ್ಯಾಯಾಲಯಕ್ಕೆ ಅಲೆಯಬೇಕಾಗಿಲ್ಲ. ಆ ಆದೇಶದ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟರೆ ಮಗನ ಖಾತೆಯನ್ನು ನೀವು ನಡೆಸಬಹುದು.

ಎಂಡೋಸಲ್ಫಾನ್ ಸಹಾಯಧನ ಬರುತ್ತಿದೆ ಎಂಬ ಕಾರಣಕ್ಕೆ ಅಂಗವಿಕಲರ ಪಿಂಚಣಿಯನ್ನು ಬಿಟ್ಟುಕೊಡಬೇಕಾಗಿಲ್ಲ. ಆ ಸಹಾಯಧನ ಕೊಡುವ ‘ಸ್ನೇಹ ಸಾಂತ್ವನ’ ಯೋಜನೆಯಲ್ಲಿ ಬೇರೆ ಪಿಂಚಣಿ ಇಲ್ಲದ, ಹಾಸಿಗೆ ಹಿಡಿದವರಿಗೆ ತಿಂಗಳಿಗೆ 2,200 ರೂಪಾಯಿ ಮತ್ತು ಅಂಗವಿಕಲರ ಪಿಂಚಣಿ ಪಡೆಯುವವರಿಗೆ 1,700 ರೂಪಾಯಿ ಎಂದು ನಿಗದಿಯಾಗಿದೆ. ಎರಡನ್ನೂ ಒಟ್ಟಿಗೆ ಪಡೆದರೂ ನಿಮಗೆ ಲಾಭವೇ. ಇದಲ್ಲದೆ, ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರ ಜನವರಿ 10ರಂದು ಆದೇಶಿಸಿದೆ. ಆ ಹಣ ನಿಮ್ಮ ಮಗನ ಹೆಸರಿಗೆ ಬಂದಿದೆಯೇ ಎಂಬುದನ್ನು ನಿಮ್ಮ ಪತ್ರದಲ್ಲಿ ಬರೆದಿಲ್ಲ. ಬಂದಿಲ್ಲವಾದರೆ ಪಟ್ಟಿಯಲ್ಲಿ ಹೆಸರಿರುವ ಪುಟದ ನಕಲನ್ನು ಹಿಡಿದು ಈ ವಾರವೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ನೀವು ಮನೆ ಬಿಟ್ಟು ಹೊರಡಲಾಗದಿದ್ದರೆ ಆ ನಕಲನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ.