ಎಥೆನಾಲ್‌ಗಾಗಿ ಕಬ್ಬಿನ ರಸ ತೆಗೆಯಲು ಗಾಣದ ಸಾಲು ಮೇಲೋ, ಡಿಫ್ಯೂಸರ್ ಮೇಲೋ?

ಒಂದು ಟನ್ ಕಬ್ಬಿನಿಂದ ರಸ ತೆಗೆಯಲು, ರೋಲರ್‌ಗಳ ನಡುವೆ ಹಿಂಡುವ ಗಾಣದ ಸಾಲು, ಬಿಸಿನೀರಿನಿಂದ ತೊಳೆದು ತೆಗೆಯುವ ಡಿಫ್ಯೂಸರ್ ಇವೆರಡರಲ್ಲಿ ಯಾವುದಕ್ಕೆ ಕಡಿಮೆ ವಿದ್ಯುತ್ ಸಾಕು ಎಂದು ಕೇಳಿದ್ದೀರಿ. ಡಿಸ್ಟಿಲರಿಯೊಂದರ ಯೋಜನಾ ವರದಿ ಬರೆಯುವಾಗ ನಾನೂ ಅಲ್ಲಿಂದಲೇ ಹೊರಟಿದ್ದೆ. ರೋಲರ್‌ಗಳ ಮೋಟಾರು ಹೊರೆಯನ್ನೂ ಡಿಫ್ಯೂಸರ್‌ನ ಪಂಪು, ಸರಪಳಿಗಳ ಹೊರೆಯನ್ನೂ ಅಕ್ಕಪಕ್ಕ ಇಟ್ಟಾಗ ಡಿಫ್ಯೂಸರ್ ಸಲೀಸಾಗಿ ಗೆದ್ದಿತು. ಗಾಣದ ಸಾಲು ಸಾಮಾನ್ಯವಾಗಿ ಸಕ್ಕರೆಯ ಶೇ 95ರಿಂದ 97ರಷ್ಟನ್ನು ತೆಗೆದರೆ, ಡಿಫ್ಯೂಸರ್ ಶೇ 97–98 ಮುಟ್ಟುತ್ತದೆ.

ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಸಿಪ್ಪೆಯ ತೇವಾಂಶವನ್ನು. ಡಿಫ್ಯೂಸರ್‌ನಿಂದ ಹೊರಬೀಳುವ ಸಿಪ್ಪೆಯಿಂದ ನೀರು ಸುರಿಯುತ್ತಿರುತ್ತದೆ. ಹಬೆಗಾಗಿ ಬಾಯ್ಲರ್‌ನಲ್ಲಿ ಉರಿಸುವ ಮುನ್ನ ಅದನ್ನು ಹಿಂಡಲು ಕೊನೆಗೂ ಗಾಣವೇ ಬೇಕು. ವಿದ್ಯುತ್ ಉಳಿಸುವ ಹಟದಲ್ಲಿ ಆ ಗಾಣವನ್ನೇ ಚಿಕ್ಕದು ಮಾಡಿದೆವು. ಶೇ 50 ಇರಬೇಕಾದ ತೇವಾಂಶ ಶೇ 55ರ ಆಸುಪಾಸಿನಲ್ಲಿ ನಿಂತಿತು. ವ್ಯತ್ಯಾಸ ಅಲ್ಪವೆನಿಸಬಹುದು, ಆದರೆ 500 ಕಿಲೋ ಒಣ ನಾರಿನೊಂದಿಗೆ ಬಾಯ್ಲರ್‌ಗೆ ಹೋಗುವ ನೀರು 500 ಕಿಲೋದಿಂದ 611 ಕಿಲೋಗೆ ಏರುತ್ತದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 0.63 ಯೂನಿಟ್‌ನಷ್ಟು (ಕಿಲೋವ್ಯಾಟ್-ಗಂಟೆ) ಶಾಖ ಬೇಕಾಗುವುದರಿಂದ, ಆ 111 ಕಿಲೋ ನೀರು 70 ಯೂನಿಟ್‌ನಷ್ಟು ಶಾಖವನ್ನು ಚಿಮಣಿಯಿಂದ ಹೊರಗೆ ಹೊತ್ತೊಯ್ಯುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಅಂಗೈ ತೇವವಾಗುತ್ತಿದ್ದ ಸಿಪ್ಪೆ ಬಾಯ್ಲರಿನೊಳಗೆ ಬೇಗ ಹೊತ್ತಿಕೊಳ್ಳದೆ ಗುಪ್ಪೆಯಾಗಿ ಕೂರುತ್ತಿತ್ತು, ಹಬೆಯ ಒತ್ತಡ ಇಳಿಯುತ್ತಿತ್ತು. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಬಳಸಲೆಂದು ಕೂಡಿಡಬೇಕಾಗಿದ್ದ ಸಿಪ್ಪೆಯೂ ಉರಿದುಹೋಗಿ, ಇಂಧನವನ್ನು ಹೊರಗಿನಿಂದ ಕೊಳ್ಳಬೇಕಾಯಿತು.

ಹೀಗಾಗಿ ನಿಮ್ಮ ಪ್ರಶ್ನೆಯ ಅಳತೆಗೋಲನ್ನೇ ನಾನು ಒಪ್ಪುವುದಿಲ್ಲ. ಎಥೆನಾಲ್ ತಯಾರಿಕೆಯಲ್ಲಿ ಶಕ್ತಿಯನ್ನು ನುಂಗುವುದು ಮೋಟಾರಿಗಿಂತ ಬಹಳ ಹೆಚ್ಚಾಗಿ ಬಟ್ಟಿ ಇಳಿಸುವ ಹಬೆ. ರಸ ತೆಗೆಯುವಾಗ ಹೆಚ್ಚುವರಿಯಾಗಿ ಸುರಿದ ನೀರನ್ನು ಒಂದೋ ಆವಿಯಾಗಿಸಬೇಕು, ಇಲ್ಲವೇ ತೆಳುವಾದ ರಸವನ್ನೇ ಹುದುಗಿಸಿ, ಪ್ರತಿ ಲೀಟರ್ ಎಥೆನಾಲ್‌ಗೆ ಹೆಚ್ಚು ಹಬೆ ಕೊಟ್ಟು, ಹೆಚ್ಚು ತ್ಯಾಜ್ಯ ದ್ರವವನ್ನೂ ನಿಭಾಯಿಸಬೇಕು. ಡಿಫ್ಯೂಸರ್‌ನಲ್ಲಿ 75 ಡಿಗ್ರಿಯವರೆಗೆ ಕಾಯುವ ರಸವನ್ನು ಹುದುಗಿಸಲು ಮತ್ತೆ 32 ಡಿಗ್ರಿಯ ಸುತ್ತಮುತ್ತ ತಣಿಸಬೇಕು. ಆ ಶಾಖವನ್ನು ಮರಳಿ ಪಡೆಯುವ ಏರ್ಪಾಡು ಇಲ್ಲದಿದ್ದರೆ ಅದೂ ನಷ್ಟವೇ.

ಗಾಣಗಳು ಈಗಾಗಲೇ ಇದ್ದರೆ ಅವನ್ನು ಕಿತ್ತುಹಾಕಬೇಡಿ. ಅವನ್ನು ತಿರುಗಿಸುವ ಹಳೆಯ ಏಕಹಂತದ ಹಬೆ ಟರ್ಬೈನ್ ತೆಗೆದು ವಿದ್ಯುತ್ ಮೋಟಾರು ಹಾಕಿ, ಕಬ್ಬನ್ನು ಸೀಳಿ ನಾರಾಗಿಸುವ ಒಳ್ಳೆಯ ಶ್ರೆಡ್ಡರ್‌ಗೆ ಹಣ ಖರ್ಚು ಮಾಡಿ. ಹೊಸದಾಗಿ ಕಟ್ಟುವವರಿಗೆ ಡಿಫ್ಯೂಸರ್ ಬೇಡವೆಂದು ನಾನು ಹೇಳುವುದಿಲ್ಲ, ಹಿಂಡುವ ಗಾಣದಲ್ಲಿ ಜಿಪುಣತನ ಮಾತ್ರ ಸಲ್ಲದು. ಟನ್ ಕಬ್ಬಿಗೆ ಇಷ್ಟೇ ಯೂನಿಟ್ ಎಂದು ಪೂರೈಕೆದಾರರು ಅಂಕಿ ಮುಂದಿಟ್ಟಾಗ, ಒಂದು ಲೀಟರ್ ಎಥೆನಾಲ್ ತಯಾರಾದ ಮೇಲೆ ಎಷ್ಟು ಸಿಪ್ಪೆ ಉಳಿಯುತ್ತದೆ, ಅದರ ತೇವಾಂಶ ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.